ಬಾರದ ಪ್ರಾಣಿಗಾಗಿ ಕೊಂಡ ಕೋವಿ

2020ರ ಜನವರಿಯ ಒಂದು ರಾತ್ರಿ ಊರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ನಾನಿದ್ದ ಅಮೆರಿಕದ ಮಿಷಿಗನ್‌ನಲ್ಲಿ ಹಿಮ ಬೀಳುತ್ತಿತ್ತು. ಕೊಪ್ಪದ ಕಡೆ ಅಡಿಕೆ ಕೊಯ್ಲು ಮುಗಿಯುತ್ತ ಬಂದಿತ್ತು. ಬೆಳಗಿನ ಕಾಫಿ ಕುಡಿದು ಅಂಗಳದ ಬಿಸಿಲಿನಲ್ಲಿ ಕೂತು ಮಾತನಾಡುತ್ತಿದ್ದಾರೆ ಎಂದು ಅವರ ದನಿಯಿಂದಲೇ ತಿಳಿಯುತ್ತಿತ್ತು. ಈ ಸಲ ಕುಶಲ ವಿಚಾರಿಸುವ ಮೊದಲೇ ವಿಷಯಕ್ಕೆ ಬಂದರು. "ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿಯಾಗಿದೆ. ಒಬ್ಬರ ಹೆಸರಿನಲ್ಲಿ ಇನ್ನು ಎರಡೇ ಕೋವಿ ಇರಬಹುದಂತೆ. ನಮ್ಮಲ್ಲಿ ಮೂರಿವೆ. ವರ್ಷದೊಳಗೆ ಒಂದನ್ನು ಒಪ್ಪಿಸಬೇಕು. ಯಾವುದನ್ನು ಬಿಡುವುದು, ನೀನೇ ಹೇಳು."

ಮೂರನ್ನೂ ನಾನು ಬಲ್ಲೆ. ಮೊದಲನೆಯದು ಮುತ್ತಜ್ಜನ ಕಾಲದ ಕೇಪಿನ ಕೋವಿ. ಮದ್ದು ಸುರಿದು, ನಾರು ತುಂಬಿ, ಗಜದ ಕೋಲಿನಿಂದ ಜಡಿದು, ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಹೊಡೆಯುವಂಥದು. ಎರಡನೆಯದು ಹನ್ನೆರಡು ಬೋರಿನ ಜೋಡುನಳಿಗೆಯ ತೋಟಾ ಕೋವಿ; ತೋಟಾ ಎಂದರೆ ಗುಂಡು, ಮದ್ದು ಒಟ್ಟಿಗಿರುವ ಚಿಪ್ಪು. ಗದ್ದೆಗೆ ಹಂದಿ ಇಳಿದಾಗ, ತೋಟಕ್ಕೆ ಮಂಗಗಳು ಬಂದಾಗ ಗಾಳಿಯಲ್ಲಿ ಒಂದು ಈಡು ಹೊಡೆದು ಬೆದರಿಸುವುದಕ್ಕೆ ಮನೆಯಲ್ಲಿ ಐವತ್ತು ವರ್ಷಗಳಿಂದ ಬಳಕೆಯಲ್ಲಿರುವುದು ಇದೊಂದೇ. ಮೂರನೆಯದು ಅಜ್ಜ ಕೊಂಡ .315 ರೈಫಲ್; ಆ ಅಂಕಿ ಇಂಚಿನಲ್ಲಿ ನಳಿಗೆಯ ಅಳತೆ. ಅದು ಯಾವ ಪ್ರಾಣಿಯ ಮೇಲೂ ಒಂದು ಗುಂಡನ್ನೂ ಹಾರಿಸಿದ್ದಲ್ಲ.

ಹಾಗಾಗಿ ನನ್ನ ಉತ್ತರ ಸಿದ್ಧವಾಗಿತ್ತು. "ರೈಫಲ್ ಕೊಟ್ಟುಬಿಡಿ ಚಿಕ್ಕಪ್ಪ. ಅದರಿಂದ ಏನೂ ಉಪಯೋಗವಿಲ್ಲವಲ್ಲ" ಎಂದೆ. ಆ ಕಡೆ ಮಾತು ನಿಂತಿತು. ಕೋಳಿಯೊಂದು ಕೂಗಿದ್ದು ಕೇಳಿಸಿತು. "ಆಗಲಿ, ಯೋಚನೆ ಮಾಡುತ್ತೇನೆ" ಎಂದು ಅವರು ಫೋನ್ ಇಟ್ಟರು. ನಾನು ಏನೋ ಆಡಬಾರದ್ದನ್ನು ಆಡಿದೆ ಎಂಬುದು ಅರ್ಥವಾಯಿತು, ಏಕೆ ಎಂಬುದು ಆಗಲಿಲ್ಲ. ಬೇಟೆಯವನು ಒಂದು ಕೋವಿಯನ್ನು, ಅದರಲ್ಲೂ ಇಂಥದೇ ಅಳತೆಯ ನಳಿಗೆಯನ್ನು, ಯಾತಕ್ಕಾಗಿ ಕೊಳ್ಳುತ್ತಾನೆ? ಉಪಯೋಗಕ್ಕಾಗಿ ಎಂದು ನಾನು ಅದುವರೆಗೆ ನಂಬಿದ್ದೆ. ಆ ಮೌನದ ನಂತರ ನನಗೆ ಗೊತ್ತಿದ್ದ ಬೇಟೆಗಾರರನ್ನೆಲ್ಲ ಮತ್ತೆ ನೆನಪಿಸಿಕೊಳ್ಳಬೇಕಾಯಿತು.

ಹುಲಿ ಹೋದ ಮೇಲೆ ಬಂದದ್ದು

ಅಜ್ಜನ ರೈಫಲ್ಲಿನ ಕಥೆಯನ್ನು ನಾವೆಲ್ಲ ಆಯುಧಪೂಜೆಯ ದಿನ ಕೇಳುತ್ತಿದ್ದೆವು. ಕತ್ತಿ, ಹಾರೆ, ಗುದ್ದಲಿಗಳ ಪಕ್ಕದಲ್ಲಿ ಮೂರು ಕೋವಿಗಳನ್ನೂ ಒರಗಿಸಿ ಕುಂಕುಮ ಇಡುವ ಮೊದಲು ಅಜ್ಜ ಒಂದೊಂದನ್ನೇ ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದರು. ಕೇಪಿನ ಕೋವಿಗೆ ಬಂದಾಗ ಕಥೆ ಶುರುವಾಗುತ್ತಿತ್ತು, ರೈಫಲ್ಲಿಗೆ ಬರುವ ಹೊತ್ತಿಗೆ ಮುಗಿಯುತ್ತಿತ್ತು.

1956ರ ಮಳೆಗಾಲದ ಕೊನೆ. ಹಟ್ಟಿಯ ಹಸುವೊಂದನ್ನು ಹುಲಿ ಹಿಡಿದು ಹಳ್ಳದ ಆಚೆ ಎಳೆದುಕೊಂಡು ಹೋಗಿತ್ತು. ಮಾರನೆಯ ಸಂಜೆ ಅಜ್ಜ ಅದೇ ಹೆಣದ ಮೇಲಿನ ಮರದಲ್ಲಿ ಮರಸು ಕೂತರು. ಮನೆಯಲ್ಲಿ ಆಗ ಇದ್ದದ್ದು ಕೇಪಿನ ಕೋವಿ ಒಂದೇ. ಬೆಳಕು ಆರುವ ಹೊತ್ತಿಗೆ ಹುಲಿ ಬಂದಿತು. ಎಲೆ ಅಲುಗಲಿಲ್ಲ, ಸದ್ದಾಗಲಿಲ್ಲ; ಇಲ್ಲದಿದ್ದ ಜಾಗದಲ್ಲಿ ಅದು ಇತ್ತು, ಅಷ್ಟೆ ಎನ್ನುತ್ತಿದ್ದರು. ಇಪ್ಪತ್ತು ಹೆಜ್ಜೆಯ ದೂರ. ಗುರಿ ಹಿಡಿದು ಕೋವಿಯ ಕುದುರೆ ಎಳೆದರು. ಕೇಪು ಟಪ್ಪೆಂದಿತು, ಮದ್ದು ಹತ್ತಲಿಲ್ಲ. ಎರಡು ತಾಸು ಮಂಜಿನಲ್ಲಿ ಕೂತು ಮದ್ದು ತೇವ ಹಿಡಿದಿತ್ತು. ಹುಲಿ ಓಡಲಿಲ್ಲ. ತಲೆಯೆತ್ತಿ ಮರವನ್ನು ನೋಡಿತು. ಎಷ್ಟು ಹೊತ್ತು ನೋಡಿತು ಎಂಬುದು ಪ್ರತಿವರ್ಷ ಬದಲಾಗುತ್ತಿತ್ತು, ಆದರೆ ಅಜ್ಜನ ದನಿ ಇಳಿಯುತ್ತಿದ್ದದ್ದು ಪ್ರತಿವರ್ಷವೂ ಅಲ್ಲಿಯೇ. ಆಮೇಲೆ ಅದು ಬಂದ ಹಾಗೆಯೇ ಹೋಯಿತು.

ಅಜ್ಜ ರೈಫಲ್ಲಿಗೆ ಅರ್ಜಿ ಹಾಕಿದ್ದು ಆ ರಾತ್ರಿಯ ನಂತರ. ಚಿಕ್ಕಮಗಳೂರಿಗೆ ಅಲೆದಾಡಿ, ಲೈಸೆನ್ಸ್ ಸಿಕ್ಕಿ, ಬೆಂಗಳೂರಿನಿಂದ .315 ಮನೆಗೆ ಬಂದಾಗ 1963. ನಡುವೆ ಜೋಡುನಳಿಗೆಯೂ ಬಂದಿತ್ತು. ಮನೆಯ ಹಿಂದಿನ ಬಂಡೆಯ ಮೇಲೆ ತೆಂಗಿನ ಚಿಪ್ಪು ಇಟ್ಟು ಅಜ್ಜ ನಾಲ್ಕು ಈಡು ಹೊಡೆದು ನೋಡಿದರು. ಆ ಹುಲಿ ಮತ್ತೆ ಬರಲಿಲ್ಲ, ಬೇರೆ ಹುಲಿಯೂ ಆ ಹಳ್ಳಕ್ಕೆ ಇಳಿಯಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. ಅಜ್ಜ ಅದಕ್ಕೆ ಗೊಣಗಿದ್ದನ್ನು ಯಾರೂ ಕೇಳಿಲ್ಲ. ಹುಲಿ ಉಳಿಯಬೇಕು ಎಂದು ಅವರೇ ಹೇಳುತ್ತಿದ್ದರು, ಮತ್ತು ಆ ಮಾತನ್ನು ಮನಸ್ಸಿನಿಂದಲೇ ಹೇಳುತ್ತಿದ್ದರು. ರೈಫಲ್ಲಿಗೆ ಮಾತ್ರ ವರ್ಷಕ್ಕೆರಡು ಬಾರಿ ಎಣ್ಣೆ ಹಾಕುತ್ತಿದ್ದರು.

ದೊಡ್ಡವನಾದ ಮೇಲೆ ನನಗೆ ಹೊಳೆದದ್ದು ಇಷ್ಟು: ಆ ಸಂಜೆ ತಪ್ಪಿದ್ದು ನಳಿಗೆಯ ಅಳತೆಯಲ್ಲ. ಮದ್ದು ಒಣಗಿದ್ದರೆ ಇಪ್ಪತ್ತು ಹೆಜ್ಜೆಯಲ್ಲಿ ಕೇಪಿನ ಕೋವಿಯೇ ಸಾಕಿತ್ತು. ಆಮೇಲೆ ಬಂದ ಜೋಡುನಳಿಗೆಗೆ ಒಂಟಿ ಗುಂಡಿನ ತೋಟಾ ಹಾಕಿದ್ದರೂ ಸಾಕಿತ್ತು. ಇನ್ನೂರು ಗಜ ಆಚೆಗೆ ಹೊಡೆಯುವ ರೈಫಲ್ ಆ ಹಳ್ಳಕ್ಕೆ ಬೇಕಿರಲಿಲ್ಲ. ಅಲ್ಲಿ ಕಣ್ಣು ಹಾಯುವುದೇ ನಲವತ್ತು ಗಜ. ಇದು ಅಜ್ಜನಿಗೆ ಗೊತ್ತಿರಲಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಕೊಂಡದ್ದು ರೈಫಲ್ಲನ್ನು, ಒಮ್ಮೆ ತಲೆಯೆತ್ತಿ ತಮ್ಮನ್ನು ನೋಡಿಹೋದ ಪ್ರಾಣಿಗಾಗಿ.

ಸರ್ಕಾರ ಅಳೆದುಕೊಟ್ಟ ನಳಿಗೆ

.315 ಎಂಬ ಅಂಕಿಯನ್ನು ಅಜ್ಜ ಆರಿಸಿದ್ದರೆಂದು ಹೇಳಿದರೆ ಅದು ಪೂರ್ತಿ ನಿಜವಲ್ಲ. ಅವರ ಆಸೆ ಇದ್ದದ್ದು .303ರ ಮೇಲೆ. ಸೈನ್ಯದ ಕೋವಿ, ಎಲ್ಲರ ಬಾಯಲ್ಲೂ ಇದ್ದ ಹೆಸರು. ಆದರೆ ಸೈನ್ಯ, ಪೊಲೀಸರು ಬಳಸುವ ಅಳತೆಯೆಂಬ ಕಾರಣಕ್ಕೇ ಅದು ನಾಗರಿಕರಿಗೆ ನಿಷಿದ್ಧ. ಠಾಣೆಯಿಂದಲೋ ದಂಡಿನಿಂದಲೋ ಕಳವಾದ ತೋಟಾ ಊರವರ ಕೋವಿಗೆ ಹೊಂದಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಲೆಕ್ಕ. ಹಾಗಾಗಿ ಆಸ್ಟ್ರಿಯಾ ಸೈನ್ಯದ ಹಳೆಯ 8 ಮಿಲಿಮೀಟರ್ ತೋಟಾ .315 ಎಂಬ ಹೆಸರಿನಲ್ಲಿ ಇಲ್ಲಿಯ ಬೇಟೆಗಾರರ ಪಾಲಿಗೆ ಬಂದಿತು. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಆ ಅಳತೆಯ ಕೋವಿಯನ್ನು ಮಾಡುತ್ತಲೇ ಬಂದಿದೆ. ಹೊರಗಿನಿಂದ ನೋಡಿದರೆ .303ರ ತಮ್ಮನಂತೆಯೇ ಕಾಣುತ್ತದೆ, ತೋಟಾ ಮಾತ್ರ ಬೇರೆ.

ಇದಕ್ಕೂ ಹಿಂದಿನ ಕಥೆ ಇನ್ನೂ ದೊಡ್ಡದು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೆ .450 ಅಳತೆಯ ರೈಫಲ್ ತರುವುದನ್ನು ತಡೆಯಿತು. ಅದೇ ಅಳತೆಯ, ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಬಂಡಾಯಗಾರರ ಕೈಯಲ್ಲಿದ್ದವು, ಅವುಗಳಿಗೆ ಗುಂಡು ಸಿಗಬಾರದೆಂಬುದು ಕಾರಣ. ಆಗ ಆನೆ, ಕಾಟಿಗಳ ಬೇಟೆಗೆ .450 ದೊರೆಯಂತಿತ್ತು. ದೊರೆಗಳಿಗೂ ಸಂಸ್ಥಾನಿಕರಿಗೂ ಕೋವಿ ಮಾರುತ್ತಿದ್ದ ಲಂಡನ್, ಬರ್ಮಿಂಗ್‌ಹ್ಯಾಮ್‌ಗಳ ಕಮ್ಮಾರರು ಸುಮ್ಮನೆ ಕೂರಲಿಲ್ಲ. ಕೂದಲೆಳೆಯಷ್ಟು ಆಚೀಚೆ ಮಾಡಿ .465, .470, .475, .476 ಎಂದು ಸಾಲುಸಾಲಾಗಿ ಹೊಸ ಅಳತೆಗಳನ್ನು ಹುಟ್ಟಿಸಿದರು. ಅವುಗಳಲ್ಲಿ .470 ಇಂದಿಗೂ ಆಫ್ರಿಕಾದ ಬೇಟೆಯಲ್ಲಿ ಹೆಸರು ಉಳಿಸಿಕೊಂಡಿದೆ. ಅದನ್ನು ಹಿಡಿದವರು ಆನೆಯ ಮೂಳೆ, ಗುಂಡಿನ ತೂಕ ಎಂದೆಲ್ಲ ವಿವರಿಸುತ್ತಾರೆ. ಆ ಅಳತೆ ಹುಟ್ಟಿದ್ದು ಆನೆಯನ್ನು ನೋಡಿಯಲ್ಲ, ಒಂದು ಸರ್ಕಾರಿ ಆದೇಶವನ್ನು ನೋಡಿ.

ಮಿಷಿಗನ್‌ಗೆ ಹೋದ ಮೇಲೆ ಇದೇ ಆಟ ಬೇರೆ ವೇಷದಲ್ಲಿ ಕಂಡಿತು. ರಾಜ್ಯದ ದಕ್ಷಿಣ ಭಾಗ ಹೊಲ, ಮನೆ, ರಸ್ತೆಗಳಿಂದ ತುಂಬಿದೆ. ದೂರ ಹಾರುವ ರೈಫಲ್ ಗುಂಡು ಅಲ್ಲಿ ಅಪಾಯವೆಂದು ಜಿಂಕೆ ಬೇಟೆಗೆ ಚರೆಕೋವಿಯಂಥವುಗಳನ್ನೇ ಬಿಟ್ಟಿದ್ದರು. 2014ರಲ್ಲಿ ಆ ಭಾಗಕ್ಕೆ ನೇರ ಗೋಡೆಯ, ಅಂದರೆ ಕತ್ತು ಕಿರಿದಾಗದ, ತೋಟಾ ಇರುವ ರೈಫಲ್ಲುಗಳಿಗೂ ಅನುಮತಿ ಸಿಕ್ಕಿತು: ಅಗಲ .35 ಇಂಚಿಗೆ ಕಡಿಮೆ ಇರಬಾರದು, ತೋಟಾದ ಚಿಪ್ಪಿನ ಉದ್ದ 1.16ರಿಂದ 1.80 ಇಂಚಿನೊಳಗೆ. ಅಂಗಡಿಗಳಲ್ಲಿ ಮೂಲೆ ಸೇರಿದ್ದ .450 ಬುಷ್‌ಮಾಸ್ಟರ್ ಎಂಬ ತೋಟಾ ಇದ್ದಕ್ಕಿದ್ದಂತೆ ಮುಂದಿನ ಸಾಲಿಗೆ ಬಂದಿತು. 2019ರಲ್ಲಿ ವಿಂಚೆಸ್ಟರ್ ಕಂಪನಿ .350 ಲೆಜೆಂಡ್ ಎಂಬ ಹೊಸ ತೋಟಾವನ್ನೇ ತಂದಿತು; ಅದರ ಉದ್ದ ಅಗಲಗಳನ್ನು ಇಂಥ ನಿಯಮಗಳ ಪಕ್ಕದಲ್ಲಿಟ್ಟು ನೋಡಿದರೆ ಹೊಲಿಸಿದ ಅಂಗಿಯಂತೆ ಕೂರುತ್ತವೆ. ಕೆಲವೇ ವರ್ಷಗಳಲ್ಲಿ ಜನ ಅದನ್ನು "ನನ್ನ ತೋಟಾ" ಎಂದು ಪ್ರೀತಿಯಿಂದ ಕರೆಯತೊಡಗಿದ್ದರು. ಕಾನೂನು ಕಿರಿದು ಮಾಡಿಕೊಟ್ಟ ದಾರಿಯಲ್ಲಿ ನಡೆದರೂ ಮನುಷ್ಯನಿಗೆ ಅದು ತಾನೇ ಹಿಡಿದ ದಾರಿ ಅನ್ನಿಸುತ್ತದೆ. ಇದು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅಜ್ಜನೂ .315 ಅನ್ನು ಹಾಗೆಯೇ ತಮ್ಮದನ್ನಾಗಿ ಮಾಡಿಕೊಂಡಿದ್ದರು. .303 ಸಿಗಲಿಲ್ಲ ಎಂಬ ಮಾತು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಚಿಕ್ಕಪ್ಪನ ಬಾಯಿಂದ.

(ಅಂಕಿಗಳ ಬಗ್ಗೆ ಒಂದು ಮಾತು. ಅವು ಅಳತೆಗಳಿಗಿಂತ ಹೆಚ್ಚಾಗಿ ಹೆಸರುಗಳು. .30-06ರಲ್ಲಿ 06 ಎಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೇ ಇಸವಿ. .30-30ರಲ್ಲಿ ಎರಡನೆಯ 30 ಎಂದರೆ ಮೊದಲಿಗೆ ತುಂಬುತ್ತಿದ್ದ ಮದ್ದಿನ ತೂಕ. .270ರ ಗುಂಡು ನಿಜಕ್ಕೂ .277 ಇಂಚು. ನಮ್ಮ ಹನ್ನೆರಡು ಬೋರಿನ ಲೆಕ್ಕವೇ ಬೇರೆ: ಒಂದು ಪೌಂಡು ಸೀಸದಿಂದ ಒಂದೇ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅಷ್ಟು.)

ನವೆಂಬರ್ 15

ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ನಮ್ಮ ನೆರೆಮನೆಯವರು ಅಚ್ಚು ತಯಾರಿಸುವ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಮಿಷಿಗನ್‌ನಲ್ಲಿ ಜಿಂಕೆ ಬೇಟೆಯ ಕೋವಿ ಋತು ಶುರುವಾಗುವುದು ಪ್ರತಿವರ್ಷ ನವೆಂಬರ್ 15ಕ್ಕೆ, ವಾರ ಯಾವುದೇ ಇರಲಿ. ಎಷ್ಟೋ ಊರುಗಳಲ್ಲಿ ಅಂದು ಶಾಲೆಗೆ ರಜೆ. ಹಿರಿಯರು ಹಿಂದಿನ ದಿನವೇ ಉತ್ತರದ ಕಾಡಿನ ತಮ್ಮ ಮರದ ಗುಡಿಸಲಿಗೆ ಹೊರಡುತ್ತಿದ್ದರು. ನಾನು ಮಲೆನಾಡಿನವನು, ಮನೆಯಲ್ಲಿ ಕೋವಿ ಕಂಡು ಬೆಳೆದವನು ಎಂದು ತಿಳಿದ ಮೇಲೆ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ನಾನು ಹೊಡೆಯುತ್ತಿರಲಿಲ್ಲ. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಅವರ ಪಕ್ಕದಲ್ಲಿ ಕೂರುತ್ತಿದ್ದೆ. ಮರಸು ಕೂರುವುದೆಂದರೆ ಎಲ್ಲ ಕಡೆಯೂ ಒಂದೇ: ಚಳಿ, ಮರಗಟ್ಟಿದ ಕಾಲು, ಮತ್ತು ಎಲೆಯ ಮೇಲೆ ಅಳಿಲು ಹಾರಿದರೂ ಎದೆ ಹಾರುವುದು.

ಅವರ ಕೋವಿ ವಿಂಚೆಸ್ಟರ್ 94, ತೋಟಾ .30-30. ಅವರ ತಂದೆಯದು. ಸನ್ನೆ ಎಳೆದು ತೋಟಾ ಏರಿಸುವ ಈ ಕೋವಿಯನ್ನು 1894ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ. ಎಪ್ಪತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ಇಂದಿನ ಲೆಕ್ಕದಲ್ಲಿ ಅದು ದುರ್ಬಲ. ನೂರೈವತ್ತು ಗಜ ದಾಟಿದರೆ ಗುಂಡು ಜಗ್ಗಿ ಇಳಿಯತೊಡಗುತ್ತದೆ. ಆದರೆ ಹಿರಿಯರು ಕೂರುತ್ತಿದ್ದ ಮರದಿಂದ ಜಿಂಕೆಗಳು ದಾಟುವ ಜಾಡಿಗೆ ಎಪ್ಪತ್ತು ಹೆಜ್ಜೆ. ಅದನ್ನು ಅವರು ಕಾಲಿನಲ್ಲಿ ಅಳೆದಿದ್ದರು. ವರ್ಷಕ್ಕೆ ಅವರಿಗೆ ನಾಲ್ಕೈದು ತೋಟಾ ಖರ್ಚಾಗುತ್ತಿತ್ತು, ಗುರಿ ಸರಿಯಿದೆಯೇ ಎಂದು ನೋಡುವುದೂ ಸೇರಿ. 2020ರಲ್ಲಿ ಕೊರೋನಾ ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾ ಕಪಾಟುಗಳು ಬರಿದಾಗಿ ಜನ ಊರೂರು ಅಲೆದಾಗ ಇವರ ಬೀರುವಿನಲ್ಲಿ ಮೂರು ಪೆಟ್ಟಿಗೆ ಇದ್ದವು, ಅವು ತಮ್ಮ ಆಯುಷ್ಯಕ್ಕೆ ಸಾಕು ಎಂದು ಅವರು ಲೆಕ್ಕ ಹಾಕಿದ್ದರು.

ಅವರ ಮಗನಿಗೆ ಆಗ ನಲವತ್ತರ ಆಸುಪಾಸು. ಸೌಮ್ಯ ಸ್ವಭಾವದವನು, ಶಾಲಾ ಬಸ್ ಓಡಿಸುತ್ತಿದ್ದ. 2018ರ ಬೇಸಿಗೆಯಲ್ಲಿ ಅವನು ಹೊಸ ರೈಫಲ್ ಕೊಳ್ಳಲು ಹೊರಟಾಗ ತಂದೆಯ ಜೊತೆ ನಾನೂ ಹೋದೆ. ಅಂಗಡಿಯವನು ಮೂರನ್ನು ಮೇಜಿನ ಮೇಲೆ ಹಾಸಿದ: .270, .30-06, .300 ವಿಂಚೆಸ್ಟರ್ ಮ್ಯಾಗ್ನಮ್. .270 ಬಂದದ್ದು 1925ರಲ್ಲಿ. ಜ್ಯಾಕ್ ಒ'ಕಾನರ್ ಎಂಬ ಪತ್ರಿಕಾ ಬರಹಗಾರ ದಶಕಗಟ್ಟಲೆ ಅದನ್ನು ಹೊಗಳಿ ಬರೆದದ್ದರಿಂದ ಒಂದಿಡೀ ಪೀಳಿಗೆ ಅದನ್ನು ಕೊಂಡಿತು ಎನ್ನುತ್ತಾರೆ. ಮಗನ ಕೈ ಹೋದದ್ದು ಮೂರನೆಯದಕ್ಕೆ. 1963ರ ತೋಟಾ, ಅಜ್ಜನ ರೈಫಲ್ ಮನೆಗೆ ಬಂದ ವರ್ಷವೇ ಹುಟ್ಟಿದ್ದು. ಉದ್ದ, ಭಾರ, ಮದ್ದು ಹೆಚ್ಚು, ಒದೆತವೂ ಹೆಚ್ಚು.

"ಯಾತಕ್ಕೆ ಅಷ್ಟು?" ಎಂದು ತಂದೆ ಕೇಳಿದರು. "ಎಲ್ಕ್ ಬೇಟೆಗೆ ಕೊಲೊರಾಡೋಗೆ ಹೋಗಬೇಕು ಅಂದುಕೊಂಡಿದ್ದೇನೆ." ಎಲ್ಕ್ ನಮ್ಮ ಕಡವೆಯ ಹತ್ತಿರದ ನೆಂಟ, ಅದಕ್ಕಿಂತ ದೊಡ್ಡದು. "ಎಲ್ಕ್‌ಗೆ ಆಚೆಯದೂ ಸಾಕು" ಎಂದು ಅವರು .30-06 ಅನ್ನು ಬೆರಳಿನಿಂದ ತೋರಿಸಿದರು. ಮಗ ಅದನ್ನು ಅಲ್ಲಗಳೆಯಲಿಲ್ಲ. "ಒಂದು ವೇಳೆ ನಾನೂರು ಗಜದಲ್ಲಿ ನಿಂತರೆ?" ಎಂದ, ಅಷ್ಟೇ.

ಆ "ಒಂದು ವೇಳೆ" ಎಂಬ ಮಾತನ್ನು ನಾನು ಆಮೇಲೆ ಎಷ್ಟೋ ಕಡೆ ಕೇಳಿದೆ. ಒಂದು ವೇಳೆ ಕರಡಿ ಬಂದರೆ. ಒಂದು ವೇಳೆ ಎದುರು ಬೆಟ್ಟದಲ್ಲಿ ಕಂಡರೆ. ವಿಂಚೆಸ್ಟರ್ ಮಾಡೆಲ್ 70 ಎಂಬ ರೈಫಲ್ 1936ರಲ್ಲಿ ಬಂದಿತು. 1964ರಲ್ಲಿ ಕಂಪನಿ ಖರ್ಚು ಉಳಿಸಲು ಅದರ ತಯಾರಿಕೆಯನ್ನು ಬದಲಿಸಿತು. ತೋಟಾವನ್ನು ಹಿಂದಿನಿಂದ ಭದ್ರವಾಗಿ ಕಚ್ಚಿ ಹಿಡಿದು ಒಳಗೊಯ್ಯುವ ಉಗುರು ಹೋಯಿತು. ಅಂದಿನಿಂದ "64ಕ್ಕೆ ಹಿಂದಿನದು" ಎಂದರೆ ಬೆಲೆಯೇ ಬೇರೆ. ಆ ಉಗುರು ಏಕೆ ಬೇಕೆಂದು ಕೇಳಿದರೆ, ಪ್ರಾಣಿ ಮೇಲೆ ನುಗ್ಗಿದಾಗ ಗಾಬರಿಯಲ್ಲಿ ಎರಡನೆಯ ತೋಟಾ ಸಿಕ್ಕಿಕೊಳ್ಳಬಾರದು ಎನ್ನುತ್ತಾರೆ. ಮಾತು ಸರಿಯೇ. ಆದರೆ ಹಾಗೆ ಹೇಳಿದವರಲ್ಲಿ ನಾನು ಕಂಡವರೆಲ್ಲರೂ ಹೊಡೆಯುತ್ತಿದ್ದದ್ದು ಬಿಳಿಬಾಲದ ಜಿಂಕೆಯನ್ನು. ಅದು ಯಾರ ಮೇಲೂ ನುಗ್ಗುವುದಿಲ್ಲ. ಅವರ ಕೋವಿಯೊಳಗಿನ ಆ ಉಗುರು ಇನ್ನೊಂದು ಪ್ರಾಣಿಗಾಗಿ ಕಾಯುತ್ತಿತ್ತು. ಇದನ್ನು ಬರಿಯ ಜಂಬವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬಸ್ ಓಡಿಸಿ, ಸಾಲ ಕಟ್ಟಿ, ವರ್ಷಕ್ಕೆ ಎರಡು ವಾರ ರಜೆ ಸಿಗುವ ಮನುಷ್ಯನಿಗೆ ಬೆಟ್ಟದ ಮೇಲಿನ ಎಲ್ಕ್ ಒಂದು ದೊಡ್ಡ ಆಸೆ. ಆ ಆಸೆಗೆ ಕೈಯಲ್ಲಿ ಹಿಡಿಯಬಹುದಾದ ರೂಪ ಸಿಗುವುದು ಆ ರೈಫಲ್ಲಿನಲ್ಲಿ. ಪ್ರವಾಸ ಮುಂದಕ್ಕೆ ಹೋಗುತ್ತದೆ, ರೈಫಲ್ ಈ ಶನಿವಾರವೇ ಸಿಗುತ್ತದೆ.

ತೊಂದರೆ ಏನೆಂದರೆ, ಎಲ್ಕ್‌ಗಾಗಿ ಕೊಂಡ ರೈಫಲ್ಲಿನ ಮುಂದೆ ಬಂದು ನಿಲ್ಲುವುದು ಜಿಂಕೆ.

ಆ ವರ್ಷದ ನವೆಂಬರ್ 15ರ ಸಂಜೆ, ನಾನು ಹಿರಿಯರ ಪಕ್ಕದಲ್ಲಿದ್ದೆ, ಮಗ ಕಾಲು ಮೈಲಿ ಆಚೆಗೆ. ಕತ್ತಲಾಗುವ ಮುಂಚೆ ಒಂದೇ ಈಡು ಕೇಳಿಸಿತು, ಕಾಡೆಲ್ಲ ಗದ್ದರಿಸುವ ಸದ್ದು. ನಾವು ಹೋದಾಗ ಅವನು ಮರದ ಬುಡದಲ್ಲಿ ನಿಂತಿದ್ದ. ಅರವತ್ತು ಹೆಜ್ಜೆಯ ದೂರದಲ್ಲಿ ಗಂಡು ಜಿಂಕೆ ಅಡ್ಡ ನಿಂತಿತ್ತಂತೆ. ಹಿರಿಯರು ಮೊಣಕಾಲೂರಿ ಟಾರ್ಚ್ ಬೆಳಕಿನಲ್ಲಿ ಎಲೆಗಳನ್ನು ನೋಡಿದರು. ರಕ್ತ ಕಡಿಮೆ, ಬಣ್ಣ ಕಪ್ಪು, ಜೊತೆಗೆ ಹಸಿರು ರಸ. ಎದೆಗೆ ಬೀಳಬೇಕಿದ್ದ ಗುಂಡು ಹೊಟ್ಟೆಗೆ ಬಿದ್ದಿತ್ತು. ಅಂಥ ಗಾಯದ ಪ್ರಾಣಿಯನ್ನು ಕೂಡಲೇ ಅಟ್ಟಿದರೆ ಮೈಲಿಗಟ್ಟಲೆ ಓಡುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಬೆಳಗಿನವರೆಗೆ ಕಾಯಬೇಕು ಎಂದರು. ಆ ರಾತ್ರಿ ಗುಡಿಸಲಿನಲ್ಲಿ ಯಾರೂ ಸರಿಯಾಗಿ ಮಾತನಾಡಲಿಲ್ಲ. ನಡುರಾತ್ರಿಯ ಮೇಲೆ ದೂರದಲ್ಲಿ ಕಯೋಟಿಗಳು, ಅಲ್ಲಿಯ ತೋಳದಂಥ ಪ್ರಾಣಿಗಳು, ಊಳಿಟ್ಟವು. ಮಗ ಎದ್ದು ಕೂತ. ಹಿರಿಯರೂ ಎಚ್ಚರವಿದ್ದರು, ಮಾತು ಆಡಲಿಲ್ಲ.

ಬೆಳಗ್ಗೆ ಅರ್ಧ ಕಿಲೋಮೀಟರ್ ಆಚೆ ದೇವದಾರುಗಳ ಜೌಗಿನಲ್ಲಿ ಅದು ಸಿಕ್ಕಿತು. ಹಿಂಭಾಗವನ್ನು ಕಯೋಟಿಗಳು ತಿಂದಿದ್ದವು. ಮಗ ಟೋಪಿ ತೆಗೆದು ತುಂಬ ಹೊತ್ತು ನಿಂತ. ಹಿಂದೆ ಎಷ್ಟೋ ಪ್ರಾಣಿಗಳನ್ನು ಸತ್ತದ್ದು ಕಂಡಿದ್ದೇನೆ. ಆ ಜೌಗಿನಲ್ಲಿ ಮೂರು ಜನ ಗಂಡಸರು ನಿಂತಿದ್ದ ರೀತಿ ಮಾತ್ರ ಮರೆಯಲಾಗಿಲ್ಲ.

ಬರಿದಾದ ತೋಟಾ

ಎರಡು ವಾರದ ನಂತರ ಹಿರಿಯರು ಮಗನನ್ನು ಗುರಿ ಅಭ್ಯಾಸದ ಬಯಲಿಗೆ ಕರೆದೊಯ್ದರು. ತೋಟಾ ತುಂಬುವ ಕೆಲಸವನ್ನು ತಾವೇ ವಹಿಸಿಕೊಂಡರು, ಮಗ ನೋಡದ ಹಾಗೆ. ಮೊದಲ ಎರಡು ಈಡು ಹಾರಿದವು. ಭುಜ ಹಿಂದಕ್ಕೆ ಹೋಗಿ ಬಂದಿತು. ಮೂರನೆಯ ಬಾರಿ ಮಗ ಉಸಿರು ಹಿಡಿದು ಬೆರಳು ಒತ್ತಿದ. ಟಕ್ ಎಂದಿತು. ಹಿರಿಯರು ಮದ್ದಿಲ್ಲದ ತೋಟಾ ಇಟ್ಟಿದ್ದರು. ಕೋವಿ ಒದೆಯಲಿಲ್ಲ, ಸದ್ದಾಗಲಿಲ್ಲ; ಆದರೆ ನಳಿಗೆಯ ತುದಿ ಗೇಣುದ್ದ ಕೆಳಗೆ ಕುಸಿದು ಬಲಕ್ಕೆ ಎಳೆಯಿತು, ಮಗನ ಕಣ್ಣು ಮುಚ್ಚಿತ್ತು. ಬರಲಿರುವ ಒದೆತಕ್ಕೆ ಮೈ ಮುಂಚೆಯೇ ಬೆದರುತ್ತಿತ್ತು. ಜಿಂಕೆಗೆ ಆದದ್ದು ಏನೆಂದು ನಮ್ಮೆಲ್ಲರಿಗೂ ಒಂದೇ ಕ್ಷಣದಲ್ಲಿ ತಿಳಿಯಿತು. ತಂದೆ ಮಗನ ಬೆನ್ನಿನ ಮೇಲೆ ಕೈಯಿಟ್ಟರು. ಬೈಯಲಿಲ್ಲ.

ದೊಡ್ಡ ಅಳತೆ ಕೊಳ್ಳುವವರು ಬಹುಪಾಲು ಹೇಳುವ ಕಾರಣ ಇದೇ: ಪ್ರಾಣಿ ನರಳಬಾರದು, ಒಂದೇ ಈಡಿಗೆ ಬೀಳಬೇಕು. ಅದು ಒಳ್ಳೆಯ ಮನಸ್ಸಿನ ಮಾತು. ಆದರೆ ಗುಂಡು ಬೀಳುವ ಜಾಗಕ್ಕೆ ಗುಂಡಿನ ಬಲ ಬದಲಿಯಾಗುವುದಿಲ್ಲ. ಡಬ್ಲ್ಯು.ಡಿ.ಎಂ. ಬೆಲ್ ಎಂಬ ಸ್ಕಾಟ್‌ಲೆಂಡಿನವನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ದಂತಕ್ಕಾಗಿ ಕೊಂದ, ಅವುಗಳಲ್ಲಿ ಹೆಚ್ಚಿನವನ್ನು 7 ಮಿಲಿಮೀಟರಿನ .275 ರೈಫಲ್ಲಿನಿಂದ. ಜಿಂಕೆಯ ಅಳತೆ ಅದು. ಅವನು ಆನೆಯ ತಲೆಬುರುಡೆಯನ್ನು ಗರಗಸದಿಂದ ಕುಯ್ದು ಮಿದುಳು ಎಲ್ಲಿದೆ, ಯಾವ ಕೋನದಿಂದ ಗುಂಡು ಹೋಗಬೇಕು ಎಂದು ಕಲಿತಿದ್ದ. ಅವನ ಕೆಲಸವನ್ನು ಹೊಗಳಲು ನನ್ನಿಂದಾಗದು, ಅಷ್ಟು ಆನೆಗಳ ಲೆಕ್ಕ ಓದುವಾಗ ಮನಸ್ಸು ಕದಡುತ್ತದೆ. ಆದರೆ ಸಣ್ಣ ಅಳತೆ ಸಾಕೆನ್ನುವವರು ಅವನ ಹೆಸರು ಹೇಳುತ್ತಾರೆ, ಬುರುಡೆ ಕುಯ್ದದ್ದನ್ನು ಬಿಟ್ಟು.

ಅದೇ .275 ಅಳತೆಯ ಇನ್ನೊಂದು ರೈಫಲ್ ಜಿಮ್ ಕಾರ್ಬೆಟ್ಟರದು. ಎಷ್ಟೋ ಜನ ಅವರ ಹೆಸರಿನ ಸೆಳೆತದಿಂದಲೇ ರಿಗ್ಬಿ ಕಂಪನಿಯ .275 ಬಯಸುತ್ತಾರೆ. ಕಾರ್ಬೆಟ್ಟರು ಅದನ್ನು ಆರಿಸಿ ಕೊಂಡದ್ದಲ್ಲ. 436 ಜನರನ್ನು ಕೊಂದಿತೆಂದು ಲೆಕ್ಕವಿದ್ದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದದ್ದಕ್ಕೆ ಸಿಕ್ಕ ಉಡುಗೊರೆ ಅದು. ಆ ಹುಲಿಗೆ ಕೊನೆಯ ಈಡು ಹೊಡೆದದ್ದಂತೂ ತಹಶೀಲ್ದಾರರಿಂದ ಎರವಲು ಪಡೆದ ಕೋವಿಯಿಂದ. ತಮ್ಮ ರೈಫಲ್ಲಿನಲ್ಲಿ ಗುಂಡು ಮುಗಿದಿತ್ತು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ನರ .405 ವಿಂಚೆಸ್ಟರಿನ ಕಥೆಯೂ ಹೀಗೆಯೇ. ಥಿಯೋಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೊತ್ತುಹೋಗಿ ಸಿಂಹಕ್ಕೆ ಇದೇ ಮದ್ದು ಎಂದು ಕೊಂಡಾಡಿದ ಅಳತೆ, ಆಮೇಲೆ ದಕ್ಷಿಣ ಭಾರತದ ಕಾಡುಗಳಲ್ಲಿ ನರಭಕ್ಷಕಗಳ ಹಿಂದೆ ನಡೆಯಿತು. ಹಾಗೆ ನಡೆದ ಹೆಜ್ಜೆಗಳ ಮೇಲೆ ತಾನೂ ಕಾಲಿಡಬೇಕು ಎಂಬ ಆಸೆಗೆ ನನ್ನ ವಿರೋಧವಿಲ್ಲ. ಹನ್ನೆರಡು ವರ್ಷದವನಾಗಿದ್ದಾಗ ನನಗೂ ಇತ್ತು. ಅಜ್ಜನ .315ರ ಹಿಡಿಯನ್ನು ಕೆನ್ನೆಗೆ ಒತ್ತಿ ಹಳ್ಳದ ಕಡೆ ನೋಡುತ್ತ ನಿಂತ ನೆನಪಿದೆ. ಎಣ್ಣೆಯ ವಾಸನೆ, ತಣ್ಣನೆಯ ಮರ. ಹಳ್ಳದಲ್ಲಿ ಏನೂ ಇರಲಿಲ್ಲ, ಆದರೆ ಗುರಿಯ ಕಂಡಿಯಿಂದ ನೋಡಿದಾಗ ಏನೂ ಇಲ್ಲ ಎಂದು ಅನ್ನಿಸಲಿಲ್ಲ.

ಚಿಕ್ಕಪ್ಪ ಬಿಟ್ಟದ್ದು

ಕೊಡಗಿನಲ್ಲಿ ನನಗೆ ಒಬ್ಬ ಗೆಳೆಯನಿದ್ದಾನೆ. ಕೊಡವರಿಗೂ ಜಮ್ಮಾ ಎಂಬ ಪರಂಪರಾಗತ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬಕ್ಕೆ ಅವರು ತೋಕಿಗೆ, ಅಂದರೆ ಕೋವಿಗೆ, ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಯಾವ ಕೋವಿ ಇಟ್ಟುಕೊಳ್ಳುವುದು ಎಂಬ ಪ್ರಶ್ನೆಯನ್ನು ಫೋನಿನಲ್ಲಿ ಅವನ ಮುಂದಿಟ್ಟೆ. ಅವನು ಅಳತೆಯನ್ನು ಕೇಳಲೇ ಇಲ್ಲ. "ಯಾರದು ಅದು?" ಎಂದು ಕೇಳಿದ.

ಆ ಪ್ರಶ್ನೆ ಕೇಳಿದ ಮೇಲೆ ಚಿಕ್ಕಪ್ಪನ ಮೌನ ನನಗೆ ಅರ್ಥವಾಯಿತು. ಮರುದಿನ ನಾನೇ ಫೋನ್ ಮಾಡಿ, "ನಾನು ಅವಸರದಲ್ಲಿ ಹೇಳಿದೆ, ನಿಮ್ಮ ಮನಸ್ಸಿಗೆ ಬಂದ ಹಾಗೆ ಮಾಡಿ" ಎಂದೆ. "ಅದನ್ನು ಒಪ್ಪಿಸಿದರೆ ಅಪ್ಪ ಆ ಮರದಿಂದ ಇಳಿದು ಬಂದುಬಿಟ್ಟ ಹಾಗಾಗುತ್ತದೆ" ಎಂದರು ಅವರು. ಎಪ್ಪತ್ತು ದಾಟಿದ ಮನುಷ್ಯ, ಒಂದು ದಿನವೂ ಇಂಥ ಮಾತು ಆಡಿದವರಲ್ಲ.

ಕೊರೋನಾದಿಂದಾಗಿ ನಾನು ಊರಿಗೆ ಹೋಗಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಚಿಕ್ಕಪ್ಪ ಜೋಡುನಳಿಗೆಯನ್ನು ಗೋಣಿಯಲ್ಲಿ ಸುತ್ತಿಕೊಂಡು, ಬಾಡಿಗೆ ಜೀಪು ಮಾಡಿಕೊಂಡು, ಬಂದೂಕಿನ ಅಂಗಡಿಗೆ ಹೋದರು. ಮನೆಯಲ್ಲಿ ಕೆಲಸಕ್ಕೆ ಬರುತ್ತಿದ್ದ ಒಂದೇ ಕೋವಿ ಅದು. ಹಂದಿ ಓಡಿಸಿದ್ದು, ಮಂಗ ಬೆದರಿಸಿದ್ದು, ಮದುವೆಯ ದಿನ ಗಾಳಿಯಲ್ಲಿ ಈಡು ಹೊಡೆದದ್ದು, ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಬಂದದ್ದು. ಅದರ ಬಗ್ಗೆ ನಮ್ಮಲ್ಲಿ ಯಾರಿಗೂ ಒಂದು ಕಥೆಯಿಲ್ಲ. ಅಂಗಡಿಯವರು ನಳಿಗೆ ಮುರಿದು ಬೆಳಕಿಗೆ ಹಿಡಿದು ನೋಡಿ, "ಇಷ್ಟು ಚೆನ್ನಾಗಿದೆಯಲ್ಲ, ಇದನ್ನೇಕೆ ಕೊಡುತ್ತಿದ್ದೀರಿ? ಏನಾದರೂ ದೋಷವಿದೆಯೇ?" ಎಂದು ಕೇಳಿದರಂತೆ. ದೋಷವೇನೂ ಇಲ್ಲ ಎಂದು ಹೇಳಿ ಚಿಕ್ಕಪ್ಪ ರಸೀದಿಗೆ ಸಹಿ ಹಾಕಿದರು.

ನವೆಂಬರಿನಲ್ಲಿ ಗದ್ದೆ ಕೊಯ್ಲಿಗೆ ಬಂದಿತು. ಹಂದಿಗಳು ಇಳಿದ ರಾತ್ರಿ ಅವರು ಎಣ್ಣೆಯ ಖಾಲಿ ಡಬ್ಬ ಬಡಿಯುತ್ತ ಬದುವಿನ ಮೇಲೆ ನಡೆದರು. ಒಳಗೆ ಗೋಡೆಯ ಮೊಳೆಯಲ್ಲಿ .315 ಇತ್ತು.